ನೆಲದಡಿಯ ಕೋಣೆಗೆ ಮರದ ಹಾಸು ಬೇಕೆ?

ಮನೆಯ ಅಡಿಯಲ್ಲಿ ಒಂದು ಕೋಣೆ ಇರಲಿ ಎಂಬ ಆಸೆ ನಮ್ಮ ಬಯಲುಸೀಮೆಯವರಿಗೂ ಈಗ ಹತ್ತಿಕೊಂಡಿದೆ. ನಿವೇಶನದ ಬೆಲೆ ಏರಿದೆ. ಮೂವತ್ತು-ನಲವತ್ತರ ಜಾಗದಲ್ಲಿ ಮೇಲಕ್ಕೆ ಎರಡು ಅಂತಸ್ತು ಎಬ್ಬಿಸಿದ ಮೇಲೂ ಮಕ್ಕಳ ಓದಿಗೆ, ಬಂದ ನೆಂಟರಿಗೆ, ಹಳೆಯ ಸಾಮಾನಿಗೆ ಜಾಗ ಸಾಲದು. ಚಿತ್ರದುರ್ಗದಂಥ ಬೆಟ್ಟದ ಬುಡದ ಊರಿನಲ್ಲಿ ನಿವೇಶನ ಇಳಿಜಾರಾಗಿದ್ದರಂತೂ ಕೆಳಗೊಂದು ಕೋಣೆ ತಾನಾಗಿಯೇ ಸಿಗುತ್ತದೆ. ರಸ್ತೆಯ ಕಡೆಯಿಂದ ನೋಡಿದರೆ ಅದು ನೆಲದೊಳಗೆ, ಹಿಂದಿನಿಂದ ನೋಡಿದರೆ ನೆಲದ ಮೇಲೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಮೇಲಿನ ಕೋಣೆಗಳು ಕಾದ ಹಂಚಿನಂತಾದಾಗ ಕೆಳಗಿನ ಕೋಣೆ ತಣ್ಣಗಿರುತ್ತದೆ. ಆ ತಂಪಿಗೆ ಮನಸೋತು ಅಲ್ಲೇ ಮಂಚ ಹಾಕುವವರು ಹೆಚ್ಚುತ್ತಿದ್ದಾರೆ. ಮಂಚ ಹಾಕಿದ ಮೇಲೆ ನೆಲವೂ ಚೆನ್ನಾಗಿರಬೇಕಲ್ಲ? ಹಾಗಾಗಿ ಮುಂದಿನ ಪ್ರಶ್ನೆ ಬರುತ್ತದೆ: 'ಕೆಳಗಿನ ರೂಮಿಗೆ ವುಡನ್ ಫ್ಲೋರಿಂಗ್ ಹಾಕಿಸೋಣವೇ?'

ಇಲ್ಲಿ ಪದದ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಗಾರೆ ಮೇಸ್ತ್ರಿಗಳು 'ಬೇಸ್‌ಮೆಂಟ್' ಎಂದರೆ ನೆಲದಿಂದ ಮೇಲೆ ಎತ್ತರಿಸಿ ಮಣ್ಣು ತುಂಬಿಸುವ ಮನೆಯ ಪೀಠ. 'ಬೇಸ್‌ಮೆಂಟ್ ಮೂರಡಿ ಎತ್ತರಿಸಿ ಸ್ವಾಮಿ' ಎಂದು ಅವರು ಹೇಳುವುದು ಈ ಅರ್ಥದಲ್ಲಿ, ಮತ್ತು ಅದು ಬಹಳ ಒಳ್ಳೆಯ ಸಲಹೆ. ಪೇಟೆಯ ಅಂಗಡಿಯವರು, ವಾಸ್ತುಶಿಲ್ಪಿಗಳು ಅದೇ ಪದವನ್ನು ನೆಲದ ಕೆಳಗಿನ ಕೋಣೆಗೆ ಬಳಸುತ್ತಾರೆ. ಒಂದೇ ಹೆಸರು, ಗುಣದಲ್ಲಿ ಮಾತ್ರ ಪೂರ್ತಿ ಎದುರುಬದುರು. ಒಂದು ಮನೆಯನ್ನು ತೇವದಿಂದ ದೂರ ಇಡುತ್ತದೆ, ಇನ್ನೊಂದು ತೇವದ ಮಡಿಲಲ್ಲಿ ಕೂರಿಸುತ್ತದೆ. ಈ ಬರಹದಲ್ಲಿ ಎರಡನೆಯದನ್ನು ನೆಲಮಾಳಿಗೆ ಎಂದೇ ಕರೆಯೋಣ.

ಇನ್ನು ಆ ಹಾಸಿನ ವಿಷಯ. ಅಂಗಡಿಯಲ್ಲಿ ಮರದ ಹಾಸು ಎಂದು ತೋರಿಸುವುದರಲ್ಲಿ ಬಹುಪಾಲು ಮರವಲ್ಲ, ಲ್ಯಾಮಿನೇಟ್. ಮರವನ್ನು ನಾರುನಾರಾಗಿ ಅರೆದು, ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಗಟ್ಟಿ ಹಲಗೆ ಮಾಡುತ್ತಾರೆ. ಅದರ ಮೇಲೆ ತೇಗವೋ ಓಕೋ ಕಾಣುವಂತೆ ಮುದ್ರಿಸಿದ ಕಾಗದ, ಕಾಗದದ ಮೇಲೆ ಗೀರು ಬೀಳದ ಪಾರದರ್ಶಕ ಪದರ. ದಪ್ಪ ಸಾಮಾನ್ಯವಾಗಿ 8ರಿಂದ 12 ಮಿಲಿಮೀಟರ್. ಸ್ವೀಡನ್ನಿನಲ್ಲಿ 1977ರಲ್ಲಿ ಹುಟ್ಟಿದ ವಸ್ತು ಇದು. ಕೊರೆಯುವ ಚಳಿಯ ನಾಡಿಗೆ, ಒಣ ಕಸಬರಿಕೆಯಲ್ಲಿ ನೆಲ ಶುದ್ಧ ಮಾಡುವ ಮನೆಗಳಿಗೆ ಹೇಳಿ ಮಾಡಿಸಿದ್ದು. ಮೇಲಿನ ಪದರಕ್ಕೆ ನೀರು ತಾಗದು ಎಂಬುದು ನಿಜ. ಆದರೆ ಒಳಗಿನ ಹಲಗೆ ರಸ್ಕಿನಂತೆ. ಅಂಚಿನಿಂದಲೋ ಅಡಿಯಿಂದಲೋ ಪಸೆ ಸಿಕ್ಕಿದರೆ ಹೀರಿಕೊಂಡು ಉಬ್ಬುತ್ತದೆ, ಒಣಗಿದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ.

ನೆಲ ಕೆಟ್ಟರೆ ಹಣ ಹೋಯಿತು, ಅಷ್ಟೇ ತಾನೆ, ಆರೋಗ್ಯದ ಅಂಕಣದಲ್ಲಿ ಇದೇಕೆ ಎಂದು ಕೇಳಬಹುದು. ಅಡಿಯಲ್ಲಿ ಸಿಕ್ಕಿಕೊಂಡ ಪಸೆ ಹಲಗೆಯನ್ನಷ್ಟೇ ಕೆಡಿಸುವುದಿಲ್ಲ, ಆ ಕೋಣೆಯ ಗಾಳಿಯನ್ನು ಕೆಡಿಸುತ್ತದೆ. ಆ ಗಾಳಿಯನ್ನು ರಾತ್ರಿಯಿಡೀ ಉಸಿರಾಡುವವರು ಯಾರು ನೋಡಿ. ಮನೆಯ ಒಡೆಯ ಕೆಳಗೆ ಮಲಗುವುದು ಕಡಿಮೆ. ಅಲ್ಲಿ ಮಲಗುವುದು ಪಿಯುಸಿ ಓದುವ ಮಗ, ಮೆಟ್ಟಿಲು ಹತ್ತಲಾರದ ಅಜ್ಜಿ, ಅಥವಾ ಬಾಡಿಗೆಗಿರುವ ಕಾಲೇಜು ಹುಡುಗರು.

'ನಮ್ಮೂರಲ್ಲಿ ತೇವವೆಲ್ಲಿದೆ?'

ಬರಗಾಲದ ಜಿಲ್ಲೆಯೆಂದೇ ಹೆಸರಾದ ಚಿತ್ರದುರ್ಗದಲ್ಲಿ ಈ ಪ್ರಶ್ನೆ ಸಹಜ. ಜಿಲ್ಲೆಯ ಹೆಚ್ಚಿನ ಭಾಗದಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಆಗುಂಬೆಯವರೋ ಮಡಿಕೇರಿಯವರೋ ತೇವಕ್ಕೆ ಹೆದರಬೇಕು, ನಾವೇಕೆ ಹೆದರಬೇಕು? ಆದರೆ ನೆಲಮಾಳಿಗೆಗೆ ವರ್ಷದ ಒಟ್ಟು ಮಳೆಯ ಲೆಕ್ಕ ಬೇಕಿಲ್ಲ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆ ಅದಕ್ಕೆ ಸಾಕು. ಬಂಡೆಯ ಮೇಲೆ ಕಟ್ಟಿದ ಊರಿನಲ್ಲಿ ನೀರು ಆಳಕ್ಕೆ ಇಂಗುವುದಿಲ್ಲ. ಬಂಡೆಯ ಬಿರುಕು ಹಿಡಿದು ಅಡ್ಡಡ್ಡ ಹರಿದು, ಎಲ್ಲಿ ಅಗೆದಿದೆಯೋ ಅಲ್ಲಿ ಒಸರುತ್ತದೆ. ಇಳಿಜಾರಿನ ನಿವೇಶನದಲ್ಲಿ ಮಣ್ಣಿಗೆ ಒರಗಿ ನಿಂತ ಹಿಂಗೋಡೆ ಆ ನೀರಿಗೆ ಕಟ್ಟೆಯಿದ್ದಂತೆ. ಹಿರಿಯೂರಿನ ಕಡೆಯ ಎರೆಭೂಮಿಯ ಕಥೆಯೇ ಬೇರೆ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಹಿಗ್ಗುತ್ತದೆ. ವರ್ಷವರ್ಷವೂ ಹೀಗೆ ತಳ್ಳಿ ಎಳೆದರೆ ನೆಲದೊಳಗಿನ ಗೋಡೆ ಸೀಳು ಬಿಡದೆ ಏನು ಮಾಡೀತು?

2022ರ ಮಳೆಗಾಲ ನೆನಪಿಸಿಕೊಳ್ಳಿ. 1933ರ ಬಳಿಕ ಮೊದಲ ಬಾರಿಗೆ ವಾಣಿವಿಲಾಸ ಸಾಗರದ ಕೋಡಿ ಬಿದ್ದ ವರ್ಷ ಅದು. ಮಾರಿಕಣಿವೆಗೆ ಜನ ಬಂಡಿ ಬಂಡಿಯಾಗಿ ಹೋಗಿ ನೀರು ನೋಡಿ ಬಂದರು. ಒಣಗಿದ್ದ ತೆರೆದ ಬಾವಿಯಲ್ಲಿ ನೀರು ಕಂಡರೆ ನಾವು ಹಿಗ್ಗುತ್ತೇವೆ, ಹಿಗ್ಗಬೇಕಾದ್ದೇ. ಅದೇ ನೀರು ಅದೇ ಮಟ್ಟಕ್ಕೆ ಮನೆಯ ತಳದಲ್ಲೂ ಏರುತ್ತದೆ. ಬರದ ಮೂರು ವರ್ಷ ಒಣಗಿ ಬೆಳ್ಳಗಿದ್ದ ಕೋಣೆಯನ್ನು ನಂಬಿ ಹಾಸು ಹಾಕಿಸಿದವರಿಗೆ ನಾಲ್ಕನೆಯ ವರ್ಷದ ಒಳ್ಳೆಯ ಮಳೆ ಶಾಪವಾಗಿ ಬರಬಹುದು.

ಮಳೆಗಿಂತಲೂ ಹತ್ತಿರದ ಶತ್ರು ಸಂಪು. ನಲ್ಲಿ ನೀರು ದಿನಬಿಟ್ಟು ದಿನವೋ ವಾರಕ್ಕೊಮ್ಮೆಯೋ ಬರುವ ಊರುಗಳಲ್ಲಿ ಸಂಪಿಲ್ಲದ ಮನೆಯಿಲ್ಲ. ಜಾಗ ಉಳಿಸಲು ಅದನ್ನು ನೆಲಮಾಳಿಗೆಯ ಗೋಡೆಗೆ ತಾಗಿಸಿಯೇ ಕಟ್ಟುತ್ತಾರೆ. ಎಂಟು-ಹತ್ತು ಸಾವಿರ ಲೀಟರು ನೀರು ಹಗಲಿರುಳು ಪಕ್ಕದ ಗೋಡೆಗೆ ಒತ್ತಿ ನಿಂತಿರುತ್ತದೆ. ಗೋಡೆಯ ಬುಡದಲ್ಲಿ ಉಪ್ಪು ಒಸರಿ ಬಣ್ಣ ಹಪ್ಪಳದಂತೆ ಏಳುತ್ತಿದ್ದರೆ ಬಣ್ಣದ ಕಂಪನಿಯನ್ನು ಬೈಯುವ ಮೊದಲು ಸಂಪನ್ನು ಸಂಶಯಿಸಿ. ಸಂಜೆ ಸಂಪು ತುಂಬಿಸಿ, ಪಂಪು ಆರಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಯಾರೂ ನೀರು ಎತ್ತದಂತೆ ಬೆಳಗಿನವರೆಗೆ ಬಿಡಿ. ಗೆರೆಗಿಂತ ಎರಡು ಬೆರಳು ಇಳಿದಿದ್ದರೆ ನೀರು ಎಲ್ಲಿ ಹೋಯಿತೆಂದು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ನೆಲಮಾಳಿಗೆಯನ್ನು ಕಟ್ಟಿಸದೆಯೇ ನೆಲಮಾಳಿಗೆಯ ಒಡೆಯರಾದವರೂ ನಮ್ಮಲ್ಲಿದ್ದಾರೆ. ಹಳೇ ಪೇಟೆಗಳ ಬೀದಿಗಳಲ್ಲಿ ಜಲ್ಲಿಯ ಮೇಲೆ ಡಾಂಬರು, ಡಾಂಬರಿನ ಮೇಲೆ ಕಾಂಕ್ರೀಟು ಎಂದು ರಸ್ತೆ ಏರುತ್ತಲೇ ಹೋಯಿತು, ಮನೆ ಇದ್ದಲ್ಲೇ ಉಳಿಯಿತು. ಅಜ್ಜನ ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗಲಿಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಹೊಸದುರ್ಗ, ಹೊಳಲ್ಕೆರೆಯಂಥ ಚಿಕ್ಕ ಊರಿನ ಓದುಗರೂ ತಮ್ಮ ಬೀದಿಯನ್ನೊಮ್ಮೆ ನೋಡಿಕೊಳ್ಳಲಿ. ಅಂಥ ಮನೆಯ ನಡುಮನೆಗೂ ಈ ಬರಹದ ಮಾತೆಲ್ಲ ಅನ್ವಯಿಸುತ್ತದೆ.

ಕೊನೆಗೊಂದು ಕಳ್ಳದಾರಿ ಇದೆ. ಗೋಡೆ, ನೆಲ, ಸಂಪು ಎಲ್ಲ ಸರಿಯಿದ್ದರೂ ತೇವ ಗಾಳಿಯಲ್ಲೇ ಬರಬಹುದು. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಕಟ್ಟುವುದನ್ನು ನೋಡಿದ್ದೀರಲ್ಲ? ಮಳೆಗಾಲದ ಹಸಿ ಗಾಳಿ ನೆಲಮಾಳಿಗೆಯ ತಂಪು ನೆಲವನ್ನು ತಾಗಿದಾಗ ಆಗುವುದೂ ಅದೇ. ಬೇಸಿಗೆಯಲ್ಲಿ ನಾವು ಮೆಚ್ಚುವ ಆ ತಂಪೇ ಮಳೆಗಾಲದಲ್ಲಿ ನೀರಾಗಿ ಕೂರುತ್ತದೆ.

ಉಸಿರಿಗೆ ಏನಾಗುತ್ತದೆ

ಮರದ ನಾರು ಬೂಷ್ಟಿಗೆ ಒಳ್ಳೆಯ ಆಹಾರ. ನೆನೆದ ನಾರಿನ ಮೇಲೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಲು ಸುರುವಾಗುತ್ತದೆ. ಸಿಮೆಂಟು ನೆಲದ ಮೇಲೆ ಹಿಡಿದರೆ ಕಣ್ಣಿಗೆ ಕಾಣುತ್ತದೆ, ಒರೆಸಿ ಬಿಸಾಡಬಹುದು. ಲ್ಯಾಮಿನೇಟಿನ ಅಡಿಯಲ್ಲಿ ಹಿಡಿದರೆ ಕಾಣುವುದಿಲ್ಲ, ಮೂಗಿಗೆ ಮಾತ್ರ ತಿಳಿಯುತ್ತದೆ. ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗ ಬರುವ ಮುಗ್ಗಲು ವಾಸನೆ ಅದು. ಬೂಷ್ಟಿನ ಕಣ್ಣಿಗೆ ಕಾಣದ ಬೀಜಕಣಗಳು ಸಂದುಗಳಿಂದ ಮೇಲೆದ್ದು ಉಸಿರಿನೊಂದಿಗೆ ಒಳಹೋಗುತ್ತವೆ. ಒಗ್ಗದವರಿಗೆ ಮುಂಜಾನೆ ಸಾಲುಸಾಲು ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ, ರಾತ್ರಿಯ ಒಣಕೆಮ್ಮು. ಉಬ್ಬಸ ಇರುವವರಿಗೆ ಎದೆ ಬಿಗಿತ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ಹೊರತಂದಿತು. ತೇವದ ಮನೆಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಸೋಂಕು ಮತ್ತು ಆಸ್ತಮಾ ಹೆಚ್ಚು ಎಂಬುದೇ ಅದರ ಸಾರ.

ತೇವಕ್ಕೆ ಇನ್ನೊಬ್ಬ ಅತಿಥಿಯೂ ಬರುತ್ತಾನೆ, ದೂಳಿನ ನುಸಿ. ಕಣ್ಣಿಗೆ ಕಾಣದ ಈ ಜೀವಿ ನಮ್ಮ ಮೈಯಿಂದ ಉದುರುವ ಹೊಟ್ಟು ತಿಂದು ಹಾಸಿಗೆ, ದಿಂಬಿನಲ್ಲಿ ಬದುಕುತ್ತದೆ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಗಾಳಿಯ ತೇವಾಂಶ ಶೇಕಡ 50ಕ್ಕಿಂತ ಕೆಳಗಿಳಿದು ಹಾಗೇ ಉಳಿದರೆ ಒಣಗಿ ಸಾಯುತ್ತದೆ. ಬಯಲುಸೀಮೆಯ ಒಣಹವೆ ಇಂಥ ನುಸಿಗೆ ಒಳ್ಳೆಯ ಔಷಧಿ. ಮೇಲಿನ ಕೋಣೆಯಲ್ಲಿ ಪುಕ್ಕಟೆ ಸಿಗುವ ಆ ಔಷಧಿಯನ್ನು ನಾವು ಕೆಳಗೆ ಹೋಗಿ ಕಳೆದುಕೊಳ್ಳುತ್ತೇವೆ.

ರೋಗ ಗುರುತಿಸುವ ಸುಲಭದ ಕೀಲಿಯೊಂದಿದೆ. ಕೆಳಗಿನ ಕೋಣೆಯಲ್ಲಿ ಮಲಗುವ ಮಗು ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದಾಗ ಕೆಮ್ಮು ಮಾಯವಾಗಿ, ಬಂದ ಮೂರನೆಯ ದಿನ ಮರಳುತ್ತದೆಯೇ? ಹಾಗಿದ್ದರೆ ಟಾನಿಕ್ಕಿನ ಶೀಶೆ ಬದಲಿಸುವ ಮೊದಲು ಮಗುವಿನ ಕೋಣೆ ಬದಲಿಸಿ ನೋಡಿ, ವೈದ್ಯರಿಗೂ ಈ ಸಂಗತಿ ತಿಳಿಸಿ. 'ಎಲ್ಲಿ ಮಲಗುತ್ತೀರಿ?' ಎಂಬ ಪ್ರಶ್ನೆಯನ್ನು ಅವಸರದ ದವಾಖಾನೆಗಳಲ್ಲಿ ಯಾರೂ ಕೇಳುವುದಿಲ್ಲ.

ಅಂಟಿನ ವಿಷಯಕ್ಕೆ ಬರೋಣ. ಹಲಗೆಯ ನಾರನ್ನು ಹಿಡಿದಿಡುವ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ವೈದ್ಯಕೀಯ ಕಾಲೇಜುಗಳಲ್ಲಿ ಶವ ಕೆಡದಂತೆ ಇಡುವ ಫಾರ್ಮಲಿನ್ ಎಂದರೆ ಇದೇ ಅನಿಲ ನೀರಿನಲ್ಲಿ ಕರಗಿದ್ದು. ಹೊಸ ಪ್ಲೈವುಡ್ ಬೀರುವಿನ ಬಾಗಿಲು ತೆರೆದರೆ ಕಣ್ಣು ಉರಿಯುವುದು ಇದರಿಂದಲೇ. ಹಲಗೆಯಿಂದ ಇದು ನಿಧಾನವಾಗಿ, ತಿಂಗಳುಗಟ್ಟಲೆ ಹೊರಬರುತ್ತದೆ. ಸೆಖೆ ಮತ್ತು ತೇವ ಹೆಚ್ಚಿದಷ್ಟೂ ಹೆಚ್ಚು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. 2015ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಂಗಡಿ ಸರಣಿ ಮಾರಿದ್ದ, ಚೀನಾದಲ್ಲಿ ತಯಾರಾದ ಲ್ಯಾಮಿನೇಟ್ ಹಾಸಿನಲ್ಲಿ ಇದು ಮಿತಿ ಮೀರಿದೆಯೆಂದು ಟೆಲಿವಿಷನ್ ವರದಿ ಬಂದು, ಗದ್ದಲವಾಗಿ, ಆ ಸರಣಿ ಚೀನಾದ ಮಾಲಿನ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಗಾಳಿಯಾಡುವ ಕೋಣೆಯಲ್ಲಿ, ಒಳ್ಳೆಯ ದರ್ಜೆಯ ಹಲಗೆಯಿಂದ ಆಗುವ ಅಪಾಯ ಸಣ್ಣದು. ಡಬ್ಬದ ಮೇಲೆ 'ಇ1' ಅಥವಾ ಅದಕ್ಕಿಂತ ಕಟ್ಟುನಿಟ್ಟಿನ 'ಇ0' ಎಂಬ ಗುರುತಿದೆಯೇ ಎಂದು ನೋಡಿಯೇ ಕೊಳ್ಳಿ. ಡಬ್ಬವೇ ಇಲ್ಲದೆ ಬಿಡಿಯಾಗಿ, ಅಗ್ಗಕ್ಕೆ ಸಿಗುವ ಹಲಗೆ ಬೇಡ. ಆದರೆ ನೆಲಮಾಳಿಗೆಯಲ್ಲಿ ಗಾಳಿಯಾಡುವುದೇ ಇಲ್ಲವಲ್ಲ, ತೊಡಕಿರುವುದು ಅಲ್ಲೇ. ಜೋಗಿಮಟ್ಟಿಯ ನೆತ್ತಿಯಲ್ಲಿ ಸಾಲು ಸಾಲಾಗಿ ಗಾಳಿಯಂತ್ರಗಳನ್ನು ತಿರುಗಿಸುವಷ್ಟು ಗಾಳಿ ಬೀಸುವ ಊರಿನಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗುವುದು ಎಂಥ ವಿಚಿತ್ರ!

ಕೋಟೆ ನಿಂತಿರುವುದು ಗ್ರಾನೈಟ್ ಬಂಡೆಯ ಮೇಲೆ. ಗ್ರಾನೈಟಿನಲ್ಲಿ ಅತ್ಯಲ್ಪ ಯುರೇನಿಯಂ ಸಹಜವಾಗಿಯೇ ಇರುತ್ತದೆ, ಅದರಿಂದ ರೇಡಾನ್ ಎಂಬ ಬಣ್ಣ-ವಾಸನೆಯಿಲ್ಲದ ಅನಿಲ ಹುಟ್ಟುತ್ತದೆ. ತೆರೆದ ಜಾಗದಲ್ಲಿ ಅದು ಹಾರಿಹೋಗುತ್ತದೆ, ಮುಚ್ಚಿದ ನೆಲಮಾಳಿಗೆಯಲ್ಲಿ ಕೂಡಿಕೊಳ್ಳುತ್ತದೆ. ಹಲವು ದೇಶಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಬೀಡಿ-ಸಿಗರೇಟಿನ ನಂತರದ ದೊಡ್ಡ ಕಾರಣ ಇದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯಾವ ಹಾಸೂ ಇದಕ್ಕೆ ತಡೆಯಲ್ಲ. ಕಿಟಕಿಯೇ ಮದ್ದು.

ಹಗೇವಿನ ಪಾಠ

ನೆಲದಡಿಯ ಕೋಣೆ ನಮಗೆ ಪೂರ್ತಿ ಹೊಸದೇನಲ್ಲ. ಚಂದ್ರವಳ್ಳಿಯ ಅಂಕಲಿ ಮಠದ ಗವಿಗಳಿಗೆ ಟಾರ್ಚು ಹಿಡಿದು ಇಳಿದವರಿಗೆ ಅದು ಗೊತ್ತು. ಅದಕ್ಕಿಂತ ಮನೆಮನೆಯ ವಿಷಯ ಹಗೇವು. ಜೋಳ, ರಾಗಿ ಕೆಡದಂತೆ ವರ್ಷಗಟ್ಟಲೆ ಇಡಲು ನಮ್ಮ ಹಿರಿಯರು ನೆಲದೊಳಗೆ ಅಗೆಯುತ್ತಿದ್ದ ಕಣಜ ಅದು. ಅದನ್ನು ಎಲ್ಲೆಂದರಲ್ಲಿ ಅಗೆಯುತ್ತಿರಲಿಲ್ಲ. ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ನೆಲ ನೋಡಿ ಅಗೆದು, ಸುತ್ತ ಒಣಹುಲ್ಲು ಒತ್ತಿ, ಕಾಳು ತುಂಬಿ, ಮೇಲೆ ಮತ್ತೆ ಹುಲ್ಲು ಹಾಸಿ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಸರ ಮಾಡಿ ಇಳಿದವರು ಮೇಲೆ ಬಾರದ್ದನ್ನು ಕಂಡು ಕಲಿತಿದ್ದರು. ರಾಗಿ ಇಡುವ ಜಾಗಕ್ಕೆ ಅವರು ಕೊಟ್ಟಷ್ಟು ಗಮನವನ್ನು ಮಕ್ಕಳು ಮಲಗುವ ಜಾಗಕ್ಕೆ ನಾವು ಕೊಡುತ್ತಿಲ್ಲ ಎಂಬುದು ನನ್ನ ತಕರಾರು. ಜನರೇಟರನ್ನೋ ಗ್ಯಾಸ್ ಗೀಜರನ್ನೋ ನೆಲಮಾಳಿಗೆಯಲ್ಲಿ ಇಡುವವರೂ ಇದ್ದಾರೆ. ಅದು ಮಾತ್ರ ಖಂಡಿತ ಬೇಡ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಎಬ್ಬಿಸುವುದಿಲ್ಲ.

ನೀರು ನುಗ್ಗುವ ಅಪಾಯವನ್ನೂ ಮರೆಯುವಂತಿಲ್ಲ. 2024ರ ಜುಲೈ 27ರಂದು ದೆಹಲಿಯ ಹಳೇ ರಾಜಿಂದರ್ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರು. ಸಾಮಾನು ಇಡಲು ಅನುಮತಿ ಪಡೆದ ಜಾಗ ಅದು. 2025ರ ಮೇ ತಿಂಗಳ ಮಳೆಯಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಿಂದ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು, ಅವರಲ್ಲೊಬ್ಬ ಬಾಲಕ. ಕೆಳಗಿನ ಕೋಣೆಯಲ್ಲಿ ಪ್ಲಗ್ ಬೋರ್ಡುಗಳು ಎದೆಮಟ್ಟಕ್ಕಿರಲಿ, ಮುಖ್ಯ ಸ್ವಿಚ್ಚು ಮೇಲಿನ ಅಂತಸ್ತಿನಲ್ಲಿರಲಿ.

ಹಾಗಾದರೆ ಯಾವ ನೆಲ?

ನನ್ನ ಅಭಿಪ್ರಾಯ ನೇರವಾದದ್ದು. ನಮ್ಮ ಕಡೆಯ ನೆಲಮಾಳಿಗೆಗೆ ಲ್ಯಾಮಿನೇಟ್ ತಕ್ಕುದಲ್ಲ. ಕಡಪ ಕಲ್ಲೋ ಶಹಾಬಾದ್ ಕಲ್ಲೋ ಒರಟು ಮೈಯ ಸೆರಾಮಿಕ್ ಟೈಲೋ ಹಾಕಿಸಿ. ದುಡ್ಡು ಕಡಿಮೆಯಿದ್ದರೆ ರೆಡ್ ಆಕ್ಸೈಡಿನ ಕೆಂಪು ಗಾರೆಯಾದರೂ ಆದೀತು. ಇವಕ್ಕೆ ಬೂಷ್ಟು ತಿನ್ನಲು ಏನೂ ಸಿಗದು, ಗೆದ್ದಲಿಗೂ ಸಿಗದು. ಗೆದ್ದಲಿನ ಮಾತು ಬಂದದ್ದರಿಂದ ಹೇಳುತ್ತೇನೆ: ನಮ್ಮ ಮಣ್ಣಿನಲ್ಲಿ ಗೆದ್ದಲಿಗೇನೂ ಬರವಿಲ್ಲ. ಲ್ಯಾಮಿನೇಟಿನ ಅಡಿಯಲ್ಲಿ ಅದು ಒಂದು ವರ್ಷ ಸದ್ದಿಲ್ಲದೆ ಊಟ ಮಾಡಿದರೂ ಮೇಲಿನ ಮುದ್ರಿತ ಕಾಗದ ತೇಗದಂತೆಯೇ ಹೊಳೆಯುತ್ತಿರುತ್ತದೆ.

'ಕಲ್ಲಿನ ನೆಲ ತಣ್ಣಗೆ, ಮಂಡಿ ನೋವು ಬರುತ್ತದೆ' ಎಂಬ ಮಾತು ಮರದ ಹಾಸಿನ ಪರವಾಗಿ ಕೇಳಿಬರುವ ದೊಡ್ಡ ವಾದ. ತಂಪು ನೆಲದಿಂದ ಮಂಡಿಯ ಸವೆತ ಬರುವುದಿಲ್ಲ. ಈಗಾಗಲೇ ಸವೆದ ಮಂಡಿಗೆ ತಂಪು ತಾಗಿದಾಗ ಬಿಗಿತ, ನೋವು ಹೆಚ್ಚು ಅನ್ನಿಸುವುದು ಮಾತ್ರ ನಿಜ. ಅದಕ್ಕೆ ಮನೆಯೊಳಗೆ ಮೆತ್ತನೆಯ ಚಪ್ಪಲಿ ಸಾಕು. ಕೂರಲು, ಮಲಗಲು ಚಳ್ಳಕೆರೆಯ ಕಂಬಳಿ ಇದೆಯಲ್ಲ! ಜಿಲ್ಲೆಯ ಕುರಿಯ ಉಣ್ಣೆಯಲ್ಲಿ ನೇಯ್ದ ಆ ಕಂಬಳಿಯನ್ನು ನೆಲಕ್ಕೆ ಹಾಸಿದರೆ ಯಾವ ಸ್ವೀಡನ್ನಿನ ಹಲಗೆಯೂ ಅದರಷ್ಟು ಬೆಚ್ಚಗಿರದು. ಕಂಬಳಿಯ ದೊಡ್ಡ ಗುಣವೆಂದರೆ ಅದನ್ನು ಎತ್ತಿ ತಾರಸಿಯ ಮೇಲೆ ಬಿಸಿಲಿಗೆ ಹಾಕಬಹುದು, ಕೊಡವಬಹುದು. ವಾರಕ್ಕೊಮ್ಮೆ ಹಾಗೆ ಮಾಡಲೇಬೇಕು, ಇಲ್ಲದಿದ್ದರೆ ಕಂಬಳಿಯೇ ನುಸಿಯ ಮನೆಯಾಗುತ್ತದೆ.

ನಮ್ಮ ಮನೆಗಳ ಅಭ್ಯಾಸವೂ ಲ್ಯಾಮಿನೇಟಿಗೆ ಒಗ್ಗುವುದಿಲ್ಲ. ಬೆಳಗಾದರೆ ಬಕೆಟ್ ನೀರಿಟ್ಟುಕೊಂಡು ನೆಲ ಒರೆಸಿದರೇ ಮನೆಯ ಹೆಂಗಸರಿಗೆ ಸಮಾಧಾನ, ಹಬ್ಬದ ಹಿಂದಿನ ದಿನ ನೀರು ಸುರಿದು ತೊಳೆಯಲೂಬೇಕು. ಈ ಹಾಸಿಗಾದರೋ ಹಿಂಡಿದ ಬಟ್ಟೆಯ ತೇವ ಬಿಟ್ಟು ಬೇರೇನೂ ತಾಗಬಾರದು. ಒಳ್ಳೆಯ ಅಭ್ಯಾಸವನ್ನು ಬಿಡಿಸುವ ನೆಲಕ್ಕಿಂತ ಅಭ್ಯಾಸಕ್ಕೆ ಹೊಂದುವ ನೆಲ ಮೇಲಲ್ಲವೇ?

ಹಾಕಿಸಲೇಬೇಕೆಂದರೆ

ಆದರೂ ಮನಸ್ಸು ಒಪ್ಪದವರು ಇರುತ್ತಾರೆ. ಕೆಲವರ ಕೋಣೆ ನಿಜವಾಗಿಯೂ ಒಣಗಿರುತ್ತದೆ, ಎರಡು ಕಡೆ ಕಿಟಕಿಯೂ ಇರುತ್ತದೆ. ಅಂಥವರು ಮೊದಲು ಪರೀಕ್ಷೆ ಮಾಡಿಕೊಳ್ಳಲಿ, ಖರ್ಚಿಲ್ಲದ ಪರೀಕ್ಷೆ ಅದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟ್ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಕೋಣೆಯ ಮಧ್ಯದಲ್ಲೊಂದು, ಸಂಪಿನ ಕಡೆಯ ಗೋಡೆಯ ಬುಡದಲ್ಲೊಂದು, ಮಣ್ಣಿಗೆ ಒರಗಿದ ಗೋಡೆಯ ಬಳಿ ಇನ್ನೊಂದು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಅಡಿಯ ಕಾಂಕ್ರೀಟು ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ಆ ನೆಲದಿಂದ ಪಸೆ ಏಳುತ್ತಿದೆಯೆಂದೇ ಅರ್ಥ. ಮಾರ್ಚ್‌ನಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಅಕ್ಟೋಬರಿನಲ್ಲಿ, ಮಳೆ ಹಿಡಿದ ವಾರದಲ್ಲಿ ಮಾಡಬೇಕು. ಎಂದರೆ ಹೊಸ ಮನೆಯವರು ಒಂದು ಮಳೆಗಾಲ ಕಾಯಬೇಕು. ಗೃಹಪ್ರವೇಶದ ಮುಹೂರ್ತಕ್ಕೆ ಕೆಳಗಿನ ಕೋಣೆ ಮಿಂಚಲೇಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ.

ಕಾಯಲು ಇನ್ನೊಂದು ಕಾರಣವೂ ಇದೆ. 28 ದಿನ ನೀರುಣಿಸಿದರೆ ಕಾಂಕ್ರೀಟು ಗಟ್ಟಿಯಾಗುತ್ತದೆ, ಆದರೆ ಒಣಗುವುದಿಲ್ಲ. ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಒಣಗುವ ಸ್ಥೂಲ ಲೆಕ್ಕ. ನಾಲ್ಕಿಂಚಿನ ನೆಲಕ್ಕೆ ನಾಲ್ಕು ತಿಂಗಳಾಯಿತು.

ನೆಲ ಒಣಗಿದೆಯೆಂದು ಖಾತ್ರಿಯಾದ ಮೇಲೆ ಕೆಲಸ. ಡಬ್ಬಗಳನ್ನು ಎರಡು ದಿನ ಅದೇ ಕೋಣೆಯಲ್ಲಿ ಮಲಗಿಸಿಡಿ, ಹಲಗೆ ಅಲ್ಲಿನ ಹವೆಗೆ ಹೊಂದಿಕೊಳ್ಳಲಿ. ನೆಲದ ಉಬ್ಬು-ತಗ್ಗು ತೆಗೆಸಿ. ತಗ್ಗಿದ್ದಲ್ಲಿ ಹಲಗೆ ಕಾಲಿಗೆ ಕುಣಿದು ಕೊಂಡಿ ಮುರಿಯುತ್ತದೆ. ಕಾಂಕ್ರೀಟಿನ ಮೇಲೆ ನೇರವಾಗಿ ಫೋಮ್ ಹಾಸಿ ಹಲಗೆ ಜೋಡಿಸುವುದು ನಮ್ಮಲ್ಲಿ ಕಾಣುವ ದೊಡ್ಡ ತಪ್ಪು. ಫೋಮ್ ಮೆತ್ತಗಿರಲೆಂದು ಹಾಕುವುದು, ಬರಿಯ ಫೋಮ್ ತೇವ ತಡೆಯದು. ಅದರ ಅಡಿಯಲ್ಲಿ 200 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆ ಇರಲೇಬೇಕು. ಹಾಳೆಯ ಮೇಲೆ ಹಾಳೆ ಒಂದು ಗೇಣಾದರೂ ಏರಿರಬೇಕು, ಕೂಡಿದಲ್ಲಿ ಟೇಪ್ ಹಾಕಬೇಕು, ಅಂಚು ಗೋಡೆಯ ಮೇಲೆ ಎರಡು ಇಂಚು ಮಡಚಿ ಬರಬೇಕು. ಸುತ್ತ ಗೋಡೆಗೂ ಹಲಗೆಗೂ ನಡುವೆ 8ರಿಂದ 10 ಮಿಲಿಮೀಟರ್ ಜಾಗ ಬಿಡಿಸಿ. ಹವೆಗೆ ತಕ್ಕಂತೆ ಹಲಗೆ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಕೋಣೆಯ ನಡುವೆ ಗುಡ್ಡವೇಳುತ್ತದೆ. ಆ ಜಾಗವನ್ನು ಮುಚ್ಚುವ ಸ್ಕರ್ಟಿಂಗ್ ಪಟ್ಟಿಯನ್ನು ಗೋಡೆಗೆ ಹೊಡೆಯಬೇಕೇ ಹೊರತು ಹಲಗೆಗಲ್ಲ. ಸಾಲೆಯ ಮಕ್ಕಳ ಓಡಾಟವಿರುವ ಕೋಣೆಗೆ ಸವೆತದ ದರ್ಜೆ 'ಎಸಿ3' ಅಥವಾ ಅದಕ್ಕಿಂತ ಮೇಲಿನದಿರಲಿ. ಈ ಅಂಕಿ ಮೇಲ್ಮೈ ಸವೆತದ್ದು ಮಾತ್ರ, ತೇವ ತಡೆಯುವ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಅಂಗಡಿಯಲ್ಲಿ ಎರಡನ್ನೂ ಬೆರೆಸಿ ಹೇಳುವವರಿದ್ದಾರೆ. ಈಗ 'ಎಸ್‌ಪಿಸಿ' ಎಂದು ಸುಣ್ಣಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿದ ಹಲಗೆಯೂ ಸಿಗುತ್ತದೆ. ನೀರಿಗೆ ಉಬ್ಬದ ಕಾರಣ ಲ್ಯಾಮಿನೇಟಿಗಿಂತ ಅದು ಮೇಲು. ಅಡಿಯ ಪಸೆ ಮಾತ್ರ ಅಲ್ಲೂ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಪರೀಕ್ಷೆ ತಪ್ಪಿಸುವಂತಿಲ್ಲ.

ಹಾಸಿದ ಮೊದಲ ಎರಡು ವಾರ ಅಲ್ಲಿ ಯಾರೂ ಮಲಗಬೇಡಿ. ಹಗಲೆಲ್ಲ ಕಿಟಕಿ ತೆರೆದು ಫ್ಯಾನು ಹಾಕಿ ಅಂಟಿನ ವಾಸನೆ ಹೋಗಗೊಡಿ. ಆಮೇಲೂ ಬೇಸಿಗೆಯಲ್ಲಿ, ಚಳಿಗಾಲದಲ್ಲಿ ದಿನವೂ ಕಿಟಕಿ ತೆರೆಯಬೇಕು. ಮಳೆ ಸುರಿಯುವಾಗ ಮುಚ್ಚಿ, ಹೊಳವಾದಾಗ ತೆರೆಯಿರಿ. ಕೆಲವು ನೂರು ರೂಪಾಯಿಗೆ ತೇವಾಂಶ ಅಳೆಯುವ ಪುಟ್ಟ ಮೀಟರು ಸಿಗುತ್ತದೆ. ಶೇಕಡ 60 ದಾಟಿ ದಿನಗಟ್ಟಲೆ ನಿಂತರೆ ಆ ಕೋಣೆ ಮಲಗಲು ಯೋಗ್ಯವಲ್ಲ, ಸಾಮಾನಿಗಿರಲಿ. ಕೆಳಗಿಳಿಯುವ ಮೆಟ್ಟಿಲಿಗೆ ನುಣುಪು ಗ್ರಾನೈಟ್ ಹಾಕಿಸಿದ್ದರೆ ಅಂಚಿಗೆ ಒರಟು ಪಟ್ಟಿ ಅಂಟಿಸಿ, ಒಂದು ಕಡೆಯಾದರೂ ಹಿಡಿಗಂಬಿ ಹಾಕಿಸಿ. ಎಪ್ಪತ್ತು ದಾಟಿದವರಿಗೆ ಒಂದು ಜಾರುವಿಕೆ, ಒಂದು ಸೊಂಟದ ಮೂಳೆ ಮುರಿತ, ಆಮೇಲೆ ಹಾಸಿಗೆ.

ಈಗಾಗಲೇ ಲ್ಯಾಮಿನೇಟ್ ಹಾಕಿಸಿ ಆಗಿದೆ ಎನ್ನುವವರು ನೆಲವನ್ನು ಓರೆ ಬೆಳಕಿನಲ್ಲಿ ನೋಡಿ. ಹಲಗೆ ಕೂಡುವ ಅಂಚುಗಳು ಬರೆಯಂತೆ ಎದ್ದಿವೆಯೇ, ತುಳಿದರೆ ಮೆತ್ತಗೆ ಕುಸಿಯುತ್ತವೆಯೇ, ಮುಗ್ಗಲು ವಾಸನೆ ಇದೆಯೇ? ಇದ್ದರೆ ಒಂದು ಮೂಲೆಯ ಸ್ಕರ್ಟಿಂಗ್ ಪಟ್ಟಿ ಬಿಚ್ಚಿಸಿ ಎರಡು ಹಲಗೆ ಎತ್ತಿಸಿ. ಅಡಿಯಲ್ಲಿ ಕಪ್ಪು ಅಥವಾ ಹಸಿರು ಮಚ್ಚೆ ಕಂಡರೆ ಒಣಗಿಸಿ ಮತ್ತೆ ಹಾಕುವ ಯೋಚನೆ ಬೇಡ. ಆ ಭಾಗದ ಹಲಗೆ, ಫೋಮ್ ಎರಡನ್ನೂ ತೆಗೆಸಿ ಮನೆಯೊಳಗಿಂದ ಸಾಗಿಸದೆ ನೇರ ಹೊರಗೆ ಹಾಕಿಸಿ. ಕೆಲಸ ಮಾಡುವವರಿಗೆ ಮುಖಗವಸು, ಕೈಗವಸು ಕೊಡಿ. ಉಬ್ಬಸದವರು, ಮಕ್ಕಳು, ಬಸುರಿಯರು ಆ ದಿನ ಮನೆಯಲ್ಲಿರದಿದ್ದರೆ ಒಳ್ಳೆಯದು. ನೆಲವನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಕಿಟಕಿ ತೆರೆದು, ಪೂರ್ತಿ ಒಣಗಲು ಬಿಡಿ. ತೇವ ಬಂದ ದಾರಿ ಸಂಪೋ ಗೋಡೆಯೋ ಎಂದು ಪತ್ತೆಯಾಗಿ ಅದನ್ನು ಮುಚ್ಚುವವರೆಗೆ ಆ ಕೋಣೆಯ ಮಂಚ ಮೇಲಿನ ನಡುಮನೆಯಲ್ಲಿರಲಿ.